ಸೋಮೇಶ್ವರ ಶತಕದ ಮರುಪಠನ

ಕನ್ನಡ ನಾಡಿನ ಕೂಲಿಮಠಗಳಲ್ಲಿ ಅಕ್ಷರ ಕಲಿತ ಬಾಲಕರ ಕೈಗೆ ಬರುತ್ತಿದ್ದ ಮೊದಮೊದಲ ಕಾವ್ಯಗಳಲ್ಲಿ ‘ಸೋಮೇಶ್ವರ ಶತಕ’ವೂ ಒಂದು. ಅರ್ಥ ತಿಳಿಯುವ ಮೊದಲೇ ಅದರ ವೃತ್ತಗಳು ಮಕ್ಕಳ ನಾಲಗೆಯ ಮೇಲೆ ನೆಲಸುತ್ತಿದ್ದವು. ಇದರ ಕರ್ತೃ ಪಾಲ್ಕುರಿಕೆ ಸೋಮನಾಥನೋ ಪುಲಿಗೆರೆಯ ಸೋಮನಾಥನೋ ಎಂಬುದರಲ್ಲಿ ವಿದ್ವಾಂಸರಲ್ಲಿ ಮತಭೇದವುಂಟು. ಆ ಚರ್ಚೆ ಅವಶ್ಯವಾದುದೇ. ಆದರೆ ಬಾಲ್ಯದಲ್ಲಿ ಪ್ರಿಯವಾಗಿದ್ದ ಈ ಗ್ರಂಥವನ್ನು ನಡುವಯಸ್ಸಿನಲ್ಲಿ ಮರಳಿ ತೆರೆದವರಿಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಇದು ಬರಿಯ ಬಾಲಬೋಧೆಯೇ?

ಜ್ಞಾನಾರ್ಜನೆಯನ್ನು ಕುರಿತ ಸುಪ್ರಸಿದ್ಧ ಪದ್ಯವನ್ನೇ ನೋಡಬಹುದು. ಬಲ್ಲವರಿಂದ ಕಲಿತು, ಶಾಸ್ತ್ರಗಳನ್ನು ಕೇಳಿ, ಮಾಡುವವರನ್ನು ಕಂಡು, ಸ್ವಂತ ವಿವೇಕದಿಂದ ನೋಡಿ, ಸಜ್ಜನರ ಸಂಗದಿಂದ ಅರಿತು ಮನುಷ್ಯನು ಸರ್ವಜ್ಞನಾಗುತ್ತಾನೆ. ಹಲವು ಹಳ್ಳಗಳು ಸೇರಿಯೇ ಸಮುದ್ರವಾಗುತ್ತದೆ ಎಂಬುದು ಅದರ ತಾತ್ಪರ್ಯ. ಶರಾವತಿ ಹೊನ್ನಾವರದಲ್ಲಿ, ಅಘನಾಶಿನಿ ಕುಮಟಾ ತಾಲ್ಲೂಕಿನ ತದಡಿಯ ಬಳಿ, ವೆಂಕಟಾಪುರ ಹೊಳೆ ಭಟ್ಕಳದ ತೀರದಲ್ಲಿ ಕಡಲನ್ನು ಕೂಡುವುದನ್ನು ದಿನವೂ ಕಾಣುವ ಬಾಲಕನಿಗೆ ಈ ಉಪಮಾನವನ್ನು ವಿವರಿಸಬೇಕಾಗಿಲ್ಲ. ಅವನ ಕಣ್ಣು ನಿಲ್ಲುವುದು ಸಮುದ್ರದ ಮೇಲೆ, ಸರ್ವಜ್ಞನೆಂಬ ಪದವಿಯ ಮೇಲೆ. ಪ್ರೌಢನ ಲಕ್ಷ್ಯವಾದರೋ ಐದು ಬಾರಿ ಮರುಕಳಿಸುವ ‘ಕೆಲವಂ’ ಎಂಬ ಚಿಕ್ಕ ಮಾತಿನತ್ತ ಹರಿಯುತ್ತದೆ. ಗುರುವಿನಿಂದಲೂ ಕೆಲವೇ, ಶಾಸ್ತ್ರದಿಂದಲೂ ಕೆಲವೇ. ಯಾವ ಒಂದು ಮೂಲವೂ ಪೂರ್ಣವಲ್ಲ. ಬಾಲ್ಯದಲ್ಲಿ ಪ್ರಾಸದ ಸೊಗಸಾಗಿ ಕೇಳಿಸಿದ ಪುನರುಕ್ತಿ ಈಗ ವಿನಯದ ಪಾಠವಾಗಿ ಪರಿಣಮಿಸುತ್ತದೆ.

ಇನ್ನೊಂದು ಪದ್ಯ ಒಣಗುವ ಪೈರಿಗೆ ಬಾರದ ಮಳೆಯನ್ನೂ, ಮುಪ್ಪಿನಲ್ಲಿ ನೆರವಾಗದ ಮಗನನ್ನೂ, ಆಪತ್ತಿನಲ್ಲಿ ತಿರುಗಿ ನೋಡದ ಬಂಧುವನ್ನೂ ಒಂದೇ ಸಾಲಿನಲ್ಲಿರಿಸಿ, ಸಕಾಲಕ್ಕೆ ದೊರೆತ ಹುಲ್ಲುಕಡ್ಡಿಯೂ ಪರ್ವತವೆನ್ನುತ್ತದೆ. ಆಷಾಢದ ಜಡಿಮಳೆಯಲ್ಲಿ ಬೆಳೆದ ಕರಾವಳಿಯ ಹುಡುಗನಿಗೆ ಇದೊಂದು ಚಮತ್ಕಾರದ ಮಾತು. ತಂದೆತಾಯಿಗಳ ವೃದ್ಧಾಪ್ಯವನ್ನು ಕಂಡವನಿಗೆ ಇದು ತನ್ನನ್ನೇ ಕೇಳುವ ಪ್ರಶ್ನೆ.

ಶತಕದ ಪದ್ಯಗಳೆಲ್ಲ ಸಮಾನ ಸತ್ತ್ವದವೆಂದು ಹೇಳಲಾಗದು. ಕೆಲವು ಲೋಕನೀತಿಯ ಪಟ್ಟಿಗಳಾಗಿಯೇ ನಿಲ್ಲುತ್ತವೆ. ಆದರೂ ಪ್ರತಿಯೊಂದು ಪದ್ಯವೂ ಚೆನ್ನಸೋಮೇಶ್ವರನ ಸಂಬೋಧನೆಯಲ್ಲಿ ಮುಗಿಯುವುದನ್ನು ಮರೆಯಬಾರದು. ಬಾಲಕನಿಗೆ ಅದು ಪದ್ಯ ಮುಗಿಯಿತೆಂಬ ಸೂಚನೆ ಮಾತ್ರ. ವಿಚಾರಿಸಿ ನೋಡಿದರೆ, ಕವಿ ಮಾತನಾಡುತ್ತಿರುವುದು ಶಿಷ್ಯನೊಡನೆ ಅಲ್ಲ, ಶಿವನೊಡನೆ. ದೇವರ ಮುಂದೆ ಆಡಿದ ನೀತಿ ಆಡಿದವನನ್ನೂ ಬಿಡುವುದಿಲ್ಲ. ಆದಕಾರಣ ಇಲ್ಲಿಯ ಬೋಧೆ ನಿವೇದನೆಯೂ ಆಗಿದೆ. ಶತಕವನ್ನು ಒಣ ನೀತಿಗ್ರಂಥವೆಂದು ಬದಿಗೊತ್ತುವ ವಿಮರ್ಶೆ ಈ ಅಂಶವನ್ನು ಗಮನಿಸಿಲ್ಲ.

ಕಂಠಪಾಠವನ್ನು ನಿಂದಿಸುವುದು ಇಂದು ರೂಢಿಯಾಗಿದೆ. ಅರ್ಥವಿಲ್ಲದ ಉರುಹೊಡೆಯುವಿಕೆ ವಿದ್ಯೆಯಲ್ಲ, ನಿಜ. ಆದರೆ ಮತ್ತೇಭವಿಕ್ರೀಡಿತದ 20 ಅಕ್ಷರಗಳ ಗತಿಯಲ್ಲಿ ಬಾಲ್ಯದಲ್ಲೇ ನೆಲಸಿದ ಮಾತು, ಅನುಭವ ಬಂದಾಗ ತಾನಾಗಿ ಅರ್ಥ ಬಿಡುತ್ತದೆ. ಕಲಿತ ಪದ್ಯವನ್ನು ಮರಳಿ ಓದುವ ಅಭ್ಯಾಸವೂ ಜೊತೆಗಿದ್ದರೆ ಮಾತ್ರ ಆ ಕಲಿಕೆ ಸಾರ್ಥಕ.