ಇಡೀ ರಾತ್ರಿಯ ಆಟಕ್ಕೆ ಹತ್ತು ನಿಮಿಷದ ವೇದಿಕೆ

ನಮ್ಮ ನಾಡಿನ ಉತ್ಸವಗಳ ಆಹ್ವಾನ ಪತ್ರಿಕೆಗಳನ್ನು ಒಮ್ಮೆ ಗಮನವಿಟ್ಟು ಓದಬೇಕು. ಮೈಸೂರು ದಸರಾವನ್ನೇ ತೆಗೆದುಕೊಳ್ಳಿ. ಶಾಸ್ತ್ರೀಯ ಸಂಗೀತ, ನೃತ್ಯಗಳಿಗೆ ಅರಮನೆಯ ಅಂಗಳದ ದೀಪಾಲಂಕೃತ ವೇದಿಕೆ. ಸಿನಿಮಾ ಹಾಡು, ಕುಣಿತಗಳಿಗೆ ಯುವ ದಸರಾ. ಡೊಳ್ಳು, ಕಂಸಾಳೆ, ವೀರಗಾಸೆ, ಪೂಜಾ ಕುಣಿತದವರು ಹೆಚ್ಚಾಗಿ ಕಾಣಿಸುವುದು ಜಂಬೂಸವಾರಿಯ ಮೆರವಣಿಗೆಯಲ್ಲಿ. ಒಬ್ಬರು ಕುಳಿತವರ ಮುಂದೆ ಕುಣಿಯುತ್ತಾರೆ, ಇನ್ನೊಬ್ಬರು ಬಿಸಿಲಿನಲ್ಲಿ ನಡೆಯುತ್ತಾ ಕುಣಿಯುತ್ತಾರೆ. ಇದನ್ನು ಯಾರೂ ಕುಳಿತು ಸಂಚು ಮಾಡಿ ಗೊತ್ತುಪಡಿಸಿದ್ದಲ್ಲ. ಅದು ರೂಢಿಯಾಗಿದೆ. ಜಿಲ್ಲಾ ಉತ್ಸವಗಳೂ ಬಹುಮಟ್ಟಿಗೆ ಇದೇ ಅಚ್ಚಿನಲ್ಲಿ ನಡೆಯುತ್ತವೆ.

ಈ ಹಂಚಿಕೆಯಲ್ಲಿ ‘ಸಮಕಾಲೀನ ನೃತ್ಯ’ ಎಂಬುದಕ್ಕೆ ಜಾಗವೇ ಇಲ್ಲ. ಅದು ಬೆಂಗಳೂರಿನ ಕೆಲವು ಸಭಾಂಗಣಗಳಲ್ಲಿ ನಡೆದು ಮುಗಿಯುತ್ತದೆ. ಅಟ್ಟಕ್ಕಲರಿ ಎಂಬ ಸಂಸ್ಥೆ 1992ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ದೇಶ ವಿದೇಶಗಳ ಹೊಸ ನೃತ್ಯವನ್ನು ಕನ್ನಡದ ನೆಲಕ್ಕೆ ತಂದಿತು. ಆದರೆ ಅಲ್ಲಿಂದ ಸುಮಾರು 500 ಕಿ.ಮೀ. ದೂರದ ಶಹಾಪುರ, ಸುರಪುರಗಳಲ್ಲಿ ‘ಡಾನ್ಸ್’ ಎಂದರೆ ಶಾಲೆಯ ವಾರ್ಷಿಕೋತ್ಸವದ ಸಿನಿಮಾ ಹಾಡು, ಹೆಚ್ಚೆಂದರೆ ಒಂದು ಭರತನಾಟ್ಯದ ತುಣುಕು. ಹೊಸದೂ ಬರಲಿಲ್ಲ, ಹಳೆಯದೂ ಪೂರ್ತಿ ಬರಲಿಲ್ಲ.

ಶಾಸ್ತ್ರೀಯಕ್ಕೆ ಹೆಚ್ಚು ಅವಕಾಶ ಕೊಡಬೇಕೋ ಸಮಕಾಲೀನಕ್ಕೋ ಎಂಬ ಚರ್ಚೆ ಎಲ್ಲ ಕಡೆಯೂ ಇದೆ. ಯುರೋಪಿನ ಬ್ಯಾಲೆ ರಸಿಕರಲ್ಲಂತೂ ಅದು ಮುಗಿಯದ ಜಗಳ. ಒಂದು ಗುಂಪು ‘ಸ್ವಾನ್ ಲೇಕ್’, ‘ಜಿಸೆಲ್’ಗಳಂಥ ಹಳೆಯ ಬ್ಯಾಲೆಗಳು ಸಾಕಷ್ಟು ಇಲ್ಲವೆಂದು ದೂರುತ್ತದೆ, ಇನ್ನೊಂದು ಗುಂಪು ಅದೇ ಹಂಸಗಳನ್ನು ಇನ್ನೆಷ್ಟು ವರ್ಷ ನೋಡಬೇಕು ಎನ್ನುತ್ತದೆ. ದೂರದಲ್ಲಿ ಕುಳಿತ ನಮಗೆ ಇದು ಹೊಟ್ಟೆ ತುಂಬಿದವರ ಜಗಳದಂತೆ ಕಾಣಬಹುದು. ಆದರೆ ಅದರೊಳಗಿನ ಪ್ರಶ್ನೆ ನಮ್ಮದೂ ಹೌದು. ಯಾವುದನ್ನು ಶಾಸ್ತ್ರೀಯ ಎನ್ನುತ್ತೇವೆ? ಹಾಗೆ ಹೆಸರಿಡುವ ಅಧಿಕಾರ ಯಾರದು? ಹೆಸರಿಟ್ಟ ಮೇಲೆ ಯಾರ ಪಾಲಿಗೆ ಎಷ್ಟು ಹೊತ್ತು, ಎಷ್ಟು ಬೆಳಕು, ಎಷ್ಟು ಸಂಭಾವನೆ?

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಶಾಸ್ತ್ರೀಯವೆಂದು ನಾವು ಕೈಮುಗಿಯುವ ಬಹಳಷ್ಟು ಕಲೆ ಇಂದಿನ ರೂಪದಲ್ಲಿ ಅಷ್ಟೇನೂ ಹಳೆಯದಲ್ಲ. ‘ಸ್ವಾನ್ ಲೇಕ್’ 1877ರಲ್ಲಿ ಮಾಸ್ಕೋದಲ್ಲಿ ಮೊದಲು ರಂಗಕ್ಕೆ ಬಂದಾಗ ಅದಕ್ಕೆ ಒಳ್ಳೆಯ ಸ್ವಾಗತವೇನೂ ಸಿಗಲಿಲ್ಲ. ಇಂದು ಜಗತ್ತು ನೋಡುವ ಬಹುಪಾಲು ಪ್ರಯೋಗಗಳಿಗೆ ಮೂಲ 1895ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಪೆಟಿಪಾ ಮತ್ತು ಇವಾನೋವ್ ಮತ್ತೆ ಕಟ್ಟಿದ ರೂಪ. ಅಷ್ಟರಲ್ಲಿ ಅದಕ್ಕೆ ಸಂಗೀತ ಬರೆದ ಚೈಕೋವ್‌ಸ್ಕಿ ತೀರಿಕೊಂಡಿದ್ದ. ಮೊದಲ ಸೋಲಿಗೇ ಅದನ್ನು ಮೂಲೆಗೆ ಸರಿಸಿಬಿಟ್ಟಿದ್ದರೆ ಇವತ್ತು ಕಾಪಾಡಲು ಆ ‘ಕ್ಲಾಸಿಕ್’ ಇರುತ್ತಲೇ ಇರಲಿಲ್ಲ.

ನಮ್ಮ ಭರತನಾಟ್ಯದ ಕತೆಯೂ ಭಿನ್ನವಲ್ಲ. ದೇವದಾಸಿಯರ, ಆಸ್ಥಾನ ನರ್ತಕಿಯರ ‘ಸದಿರ್’ ಎಂಬ ಕುಣಿತಕ್ಕೆ ಭರತನಾಟ್ಯವೆಂಬ ಹೆಸರು ನೆಲೆಯಾದದ್ದು 1930ರ ದಶಕದಲ್ಲಿ. ರುಕ್ಮಿಣಿದೇವಿ 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿ ಅದಕ್ಕೆ ಹೊಸ ಉಡುಪು, ಹೊಸ ವೇದಿಕೆ, ಹೊಸ ಮರ್ಯಾದೆ ಕೊಟ್ಟರು. ಕಲೆ ಉಳಿಯಿತು, ನಿಜ. ಆದರೆ ಅದನ್ನು ತಲೆಮಾರುಗಳಿಂದ ಮೈಯಲ್ಲಿ ಹೊತ್ತು ತಂದ ಹೆಣ್ಣುಮಕ್ಕಳಿಗೆ ಆ ಮರ್ಯಾದೆಯಲ್ಲಿ ಎಷ್ಟು ಪಾಲು ಸಿಕ್ಕಿತು? ಮೈಸೂರಿನ ಜಟ್ಟಿ ತಾಯಮ್ಮನವರ ಶಿಷ್ಯೆ ವೆಂಕಟಲಕ್ಷಮ್ಮನವರಿಗೆ (1906–2002) ಪದ್ಮಭೂಷಣ ಬಂದದ್ದು 1992ರಲ್ಲಿ, ಎಂಬತ್ತೈದು ದಾಟಿದ ಮೇಲೆ. ಅರಮನೆಯಲ್ಲಿ ಕುಣಿದ ಹೆಣ್ಣೊಬ್ಬಳು ಗುರು ಎನಿಸಿಕೊಳ್ಳಲು ಒಂದು ಆಯುಷ್ಯವೇ ಬೇಕಾಯಿತು. ಕಥಕ್‌ನ ಲಖನೌ ಘರಾಣೆಯನ್ನು ನವಾಬ ವಾಜಿದ್ ಅಲಿ ಶಾನ ದರ್ಬಾರಿನಿಂದ ಬೇರ್ಪಡಿಸಿ ಹೇಳಲಾಗದು. ಆದರೂ ಕಥಕ್ ಎಂದೊಡನೆ ದೇವಾಲಯದಿಂದ ಮಾತು ಶುರುಮಾಡಿ ದರ್ಬಾರನ್ನು ಅಡಿಟಿಪ್ಪಣಿಗೆ ತಳ್ಳುವವರಿದ್ದಾರೆ.

ಹೀಗಿರುವಾಗ ಶಾಸ್ತ್ರೀಯ ಎಂದರೆ ಶುದ್ಧ, ಸಮಕಾಲೀನ ಎಂದರೆ ಬೆರಕೆ ಎಂಬ ಎಣಿಕೆಗೆ ಆಧಾರವಿಲ್ಲ. ಕುಮುದಿನಿ ಲಖಿಯಾ (1930–2025) ಕಥಕ್ ಅನ್ನು ರಾಧಾಕೃಷ್ಣರ ಕತೆಯಿಂದ ಬಿಡಿಸಿ ನಮ್ಮ ಕಾಲದ ಹೆಣ್ಣಿನ ಇಬ್ಬಂದಿಯನ್ನು ‘ದುವಿಧಾ’ದಲ್ಲಿ (1971) ತಂದರು. ಭರತನಾಟ್ಯದಲ್ಲಿ ಪಳಗಿದ್ದ ಚಂದ್ರಲೇಖಾ 1985ರ ‘ಅಂಗಿಕ’ದಲ್ಲಿ ಯೋಗ, ಕಳರಿಗಳನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸಿದರು. ಮಾಸ್ಕೋದಲ್ಲಿ ನೃತ್ಯ ಸಂಯೋಜನೆಯನ್ನು ಕಲಿತು ಬಂದ ಮಾಯಾ ರಾವ್ (1928–2014) ಬೆಂಗಳೂರಿನಲ್ಲಿ ಅದನ್ನೇ ಒಂದು ಪಾಠವಾಗಿ ಕಲಿಸಿದರು. ಇವರು ಯಾರೂ ಹಳೆಯದನ್ನು ಅರಿಯದೆ ಹೊಸದಕ್ಕೆ ಕೈಹಾಕಿದವರಲ್ಲ.

ಹಾಗೆಂದು ಹೊಸದೆಲ್ಲವೂ ಲಾಭವೇ ಎಂದು ಹೇಳುವಂತಿಲ್ಲ. ಕನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆ. ಬೆಳಗಿನ ತನಕ ನಡೆಯುವ ಆಟವನ್ನು ಕಾರಂತರು ಎರಡು ಮೂರು ಗಂಟೆಗೆ ಇಳಿಸಿದರು, ಪಾತ್ರಗಳ ಮಾತನ್ನು ಕೈಬಿಟ್ಟರು, ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಸೇರಿಸಿದರು. ಕನ್ನಡ ಬಾರದವರೂ ಕುಳಿತು ನೋಡುವಂಥ ದೃಶ್ಯವೊಂದು ಹುಟ್ಟಿತು. ಬಣ್ಣ, ಹೆಜ್ಜೆ, ರಾಗಗಳ ಕಡೆ ಅವರು ಕೊಟ್ಟ ಕಣ್ಣು ಸಾಮಾನ್ಯದ್ದಲ್ಲ. ಸಂಪ್ರದಾಯಸ್ಥರು ಸಿಟ್ಟಾದರು. ಅವರ ಸಿಟ್ಟಿನಲ್ಲಿ ಹಟ ಎಷ್ಟಿತ್ತೋ ಸತ್ಯವೂ ಅಷ್ಟಿತ್ತು. ಯಾಕೆಂದರೆ ಮಾತು ಹೋದಾಗ ಹೋದದ್ದು ಬರೀ ಉದ್ದವಲ್ಲ. ಅರ್ಥಗಾರಿಕೆಯಲ್ಲಿ ಕಲಾವಿದ ಪುರಾಣದ ಜೊತೆ ವಾದಕ್ಕೆ ಇಳಿಯುತ್ತಾನೆ. ರಾಮನನ್ನು ವಾಲಿ ಪ್ರಶ್ನಿಸುವಾಗ ಆ ಹೊತ್ತಿನ ಸಮಾಜದ ಪ್ರಶ್ನೆಯೂ ಅದರೊಳಗೆ ನುಸುಳುತ್ತದೆ. ಸಂಪಾಜೆಯ ಜಬ್ಬಾರ್ ಸಮೋ ಅವರಂಥ ಮುಸ್ಲಿಂ ಕಲಾವಿದರೊಬ್ಬರು ತಾಳಮದ್ದಳೆಯಲ್ಲಿ ಹೆಸರು ಮಾಡಿದ್ದು ಈ ಮಾತಿನ ಬಲದಿಂದಲೇ. ಮಾತಿಲ್ಲದ ಬ್ಯಾಲೆಯಲ್ಲಿ ಅಂಥವರಿಗೆ ಬಾಗಿಲೇ ಇಲ್ಲ. ಕಾರಂತರ ಪ್ರಯೋಗ ತಪ್ಪೆಂದು ಇದರ ಅರ್ಥವಲ್ಲ. ಅದು ಯಕ್ಷಗಾನದ ಪಕ್ಕದಲ್ಲಿ ಇರಬೇಕಾದದ್ದು, ಅದರ ಜಾಗದಲ್ಲಿ ಅಲ್ಲ. ಕರಾವಳಿಯ ಪುಣ್ಯ, ಅಲ್ಲಿ ಮೇಳಗಳು ಬದುಕಿದ್ದವು, ಆಟ ನಿಲ್ಲಲಿಲ್ಲ. ಹಾಗಾಗಿ ಪ್ರಯೋಗದಿಂದ ಮೂಲಕ್ಕೆ ಕೇಡಾಗಲಿಲ್ಲ.

ನಮ್ಮ ಕಡೆ ಆ ಪುಣ್ಯ ಇಲ್ಲ. ದೊಡ್ಡಾಟ, ಸಣ್ಣಾಟಗಳ ಮೇಳಗಳು ಕರಗುತ್ತಿರುವಾಗ ಅವುಗಳಿಗೆ ಸಿಗುವ ಸರ್ಕಾರಿ ಅವಕಾಶ ಎಂದರೆ ಉತ್ಸವದ ಸಂಜೆಯ ಅರ್ಧ ತಾಸು. ಇಡೀ ರಾತ್ರಿಯ ಆಟದಿಂದ ಒಂದು ಒಡ್ಡೋಲಗ, ಒಂದು ಯುದ್ಧ. ಮಂತ್ರಿಗಳು ಬರುವುದು ತಡವಾದರೆ ಅದೂ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಕರಾವಳಿಯಲ್ಲಿ ಕಾರಂತರು ತಿಳಿದು, ಅಳೆದು ಮಾಡಿದ ಕತ್ತರಿ ಕೆಲಸವನ್ನು ಇಲ್ಲಿ ಗಡಿಯಾರ ಮಾಡುತ್ತದೆ.

ಇನ್ನು ನಮ್ಮ ಮೊಹರಂ. ದೋರನಹಳ್ಳಿಯ ಸುತ್ತಮುತ್ತಲ ಊರುಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಮುಸ್ಲಿಮರಿಗಿಂತ ಬೇರೆಯವರೇ ಹೆಚ್ಚು. ಬೇಡರು, ಕುರುಬರು, ಮಾದಿಗರು, ಲಿಂಗಾಯತರು ಎಲ್ಲರೂ ಇರುತ್ತಾರೆ. ಹಲಗಿಯ ಬಡಿತ ಬದಲಾದಂತೆ ಹೆಜ್ಜೆ ಬದಲಾಗುತ್ತದೆ. ರಿವಾಯತ್ ಪದಗಳಲ್ಲಿ ಕರ್ಬಲಾದ ಕತೆ ಕನ್ನಡವಾಗುತ್ತದೆ. ರಹಮತ್ ತರೀಕೆರೆಯವರಂಥ ವಿದ್ವಾಂಸರು ಊರೂರು ಸುತ್ತಿ ಈ ಆಚರಣೆಯನ್ನು, ಹಾಡುಗಳನ್ನು ಅಭ್ಯಾಸ ಮಾಡಿದ್ದಾರೆ. ಆದರೆ ಕುಣಿತವಾಗಿ ಅದನ್ನು ನೋಡಿದವರು ಕಡಿಮೆ.

ಹಳ್ಳಿಯ ಜನಕ್ಕೆ ಸಮಕಾಲೀನ ನೃತ್ಯ ಅರ್ಥವಾಗುವುದಿಲ್ಲ, ಅವರಿಗೆ ಕತೆ ಬೇಕು ಎಂಬುದು ಕಾರ್ಯಕ್ರಮ ರೂಪಿಸುವವರು ಸಾಮಾನ್ಯವಾಗಿ ಕೊಡುವ ಕಾರಣ. ಮೊಹರಮಿನ ಹೆಜ್ಜೆಯನ್ನು ನೋಡಿದರೆ ಈ ಕಾರಣ ನಿಲ್ಲುವುದಿಲ್ಲ. ಪದ ಕತೆ ಹೇಳುತ್ತದೆ, ಆದರೆ ಹೆಜ್ಜೆ ಯಾವ ಕತೆಯನ್ನೂ ಅಭಿನಯಿಸುವುದಿಲ್ಲ. ಅದರಲ್ಲಿ ರಾಜನಿಲ್ಲ, ರಾಣಿಯಿಲ್ಲ, ಹಸ್ತಮುದ್ರೆಯಿಲ್ಲ. ಲಯ, ವೃತ್ತ, ಮುಂದೆ ಇಟ್ಟ ಕಾಲು, ಹಿಂದೆ ಸರಿದ ಕಾಲು, ಇಷ್ಟೇ. ಕತ್ತಲ ರಾತ್ರಿಯಲ್ಲಿ ಹೆಂಗಸರು, ಮುದುಕರು, ಮಕ್ಕಳು ಬೆಳಕು ಹರಿಯುವ ತನಕ ನಿಂತು ಅದನ್ನು ನೋಡುತ್ತಾರೆ. ಇದರ ಅರ್ಥವೇನು ಎಂದು ಯಾರೂ ಕೇಳುವುದಿಲ್ಲ, ಹೆಜ್ಜೆ ತಪ್ಪಿದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಇಂಥ ಪ್ರೇಕ್ಷಕರಿಗೆ ಕತೆಯಿಲ್ಲದ ಹೊಸ ನೃತ್ಯ ಅರ್ಥವಾಗದು ಎನ್ನುವವರು ಆ ಪ್ರೇಕ್ಷಕರನ್ನು ಕಂಡವರಲ್ಲ. ಈ ಕಾಲದ ಜನಕ್ಕೆ ತಾಳ್ಮೆಯಿಲ್ಲ, ಹಳೆಯದನ್ನು ಮೊಟಕುಗೊಳಿಸಿ ಎನ್ನುವವರಿಗೂ ಉತ್ತರ ಅದೇ ರಾತ್ರಿಯಲ್ಲಿದೆ.

ಇಲ್ಲಿ ನಮ್ಮ ಸಮುದಾಯದ ಒಳಗಿನ ಮಾತನ್ನೂ ಆಡಬೇಕು. ಮೊಹರಂ ಶೋಕದ ತಿಂಗಳು, ಅದರಲ್ಲಿ ಕುಣಿತಕ್ಕೆ ಧರ್ಮದ ಒಪ್ಪಿಗೆಯಿಲ್ಲ ಎಂದು ಹೇಳುವ ಆಲಿಮರಿದ್ದಾರೆ. ಅವರ ವಾದಕ್ಕೆ ಅದರದೇ ಆಧಾರಗಳಿವೆ, ನಗುತ್ತಾ ತಳ್ಳಿಹಾಕುವ ಮಾತಲ್ಲ. ಆದರೆ ಅಲಾಯಿ ಹೆಜ್ಜೆ ನಮಾಜಿಗೆ ಬದಲಿಯಾಗಿ ಯಾರೂ ಹಾಕುವ ಹೆಜ್ಜೆಯಲ್ಲ. ಅದು ಊರು ತನ್ನ ನೆರೆಯವರ ದುಃಖದಲ್ಲಿ ತಾನೂ ಪಾಲುಗೊಂಡ ಬಗೆ. ನಾವು ಕೈಬಿಟ್ಟರೆ ಅದು ಇಸ್ಲಾಮಿಗೆ ಅಂಟಿದ ಧೂಳು ಒರೆಸಿದಂತೆ ಆಗುವುದಿಲ್ಲ, ಬೇಡರ ಹುಡುಗನೊಬ್ಬ ಹುಸೇನರ ಹೆಸರು ಹೇಳುವ ಒಂದು ರಾತ್ರಿ ಇಲ್ಲವಾಗುತ್ತದೆ. ಇಂದಿನ ದಿನಗಳಲ್ಲಿ ಆ ನಷ್ಟ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಕಲೆ ನಮ್ಮದಲ್ಲ ಎನ್ನುವವರು ಶಹಾಪುರ ತಾಲ್ಲೂಕಿನ ಗೋಗಿಗೆ ಹೋಗಿ ಬರಬೇಕು. ಸಂತ ಚಂದಾ ಹುಸೇನಿಯವರ ದರ್ಗಾದ ಮಗ್ಗುಲಲ್ಲಿ ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರು ಮಲಗಿದ್ದಾರೆ. ಅದೇ ವಂಶದ ಎರಡನೆಯ ಇಬ್ರಾಹಿಂ ಆದಿಲಶಾ (ಆಳ್ವಿಕೆ 1580–1627) ‘ಕಿತಾಬ್-ಎ-ನವರಸ್’ ಎಂಬ ದಖನಿ ಹಾಡುಗಳ ಗ್ರಂಥ ಬರೆದ, ಅದರ ಆರಂಭದಲ್ಲೇ ಸರಸ್ವತಿಯನ್ನು ನೆನೆದ. ಅವನ ಕಾಲಕ್ಕೆ ಅದೂ ಸಮಕಾಲೀನವೇ ಆಗಿತ್ತು.

ನಮ್ಮ ಕಾಲದಲ್ಲೂ ಇಂಥವರಿದ್ದಾರೆ. ಲಂಡನ್ನಿನಲ್ಲಿ ಹುಟ್ಟಿದ, ಬಾಂಗ್ಲಾದೇಶ ಮೂಲದ ಅಕ್ರಂ ಖಾನ್ ಕಥಕ್ ಕಲಿತವರು. 1841ರ ‘ಜಿಸೆಲ್’ ಬ್ಯಾಲೆಯನ್ನು ಅವರು 2016ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗಾಗಿ ಹೊಸದಾಗಿ ಕಟ್ಟಿದರು. ಹಳೆಯ ಕತೆಯ ಹಳ್ಳಿಯ ಹುಡುಗಿ ಇಲ್ಲಿ ಮುಚ್ಚಿದ ಬಟ್ಟೆ ಕಾರ್ಖಾನೆಯ ವಲಸೆ ಕಾರ್ಮಿಕಳಾದಳು. ಕೆಲಸ ಅರಸಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ನಮ್ಮ ಯಾದಗಿರಿಯ ಜನಕ್ಕೆ ಈ ಕತೆಯನ್ನು ಯಾರೂ ವಿವರಿಸಬೇಕಿಲ್ಲ. ಇದಕ್ಕಿಂತ ಗಮನಿಸಬೇಕಾದ್ದು ಆ ಕಂಪನಿ ಮಾಡಿದ ಕೆಲಸ. ಅದು 2017ರ ಜನವರಿಯಲ್ಲಿ ಸಂಪ್ರದಾಯದ ‘ಜಿಸೆಲ್’ ಅನ್ನೂ ರಂಗಕ್ಕೆ ತಂದಿತು. ಎರಡನ್ನೂ ನೋಡಿದ ಪ್ರೇಕ್ಷಕ ತಾನೇ ತೂಗಿ ನೋಡಬಹುದು. ಹಳೆಯದು ಪೂರ್ತಿಯಾಗಿ ಕಣ್ಣ ಮುಂದೆ ಇದ್ದಾಗ ಮಾತ್ರ ಹೊಸದು ಯಾವುದರ ಜೊತೆ ಜಗಳವಾಡುತ್ತಿದೆ ಎಂದು ತಿಳಿಯುತ್ತದೆ.

ನವಿ ಮುಂಬಯಿಯ ವೆಲ್ಡಿಂಗ್ ಕೆಲಸಗಾರರೊಬ್ಬರ ಮಗ ಅಮಿರುದ್ದೀನ್ ಶಾ 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲಿಗೆ ಸೇರಿದ. ಆ ಹುಡುಗನಿಗೆ ಪ್ರತಿಭೆ ಇತ್ತು, ಜೊತೆಗೆ ಕೈಹಿಡಿದು ಕಲಿಸುವ ಗುರುವೂ ಊರಲ್ಲೇ ಸಿಕ್ಕರು. ಅಲಾಯಿ ಕುಣಿಯ ಸುತ್ತ ಪಾದ ಒಂದಿನಿತೂ ತಪ್ಪದೆ ಹೆಜ್ಜೆ ಹಾಕುವ ನಮ್ಮ ಹುಡುಗರಿಗೆ, ಅಂಥದೇ ಕಾಲುಗಳಿದ್ದೂ ನಿಂತು ನೋಡುವುದಷ್ಟೇ ಪಾಲಿಗೆ ಬಂದ ನಮ್ಮ ಹುಡುಗಿಯರಿಗೆ, ಅಂಥ ಗುರು ಎಲ್ಲಿ?

ಆದ್ದರಿಂದ ಶಾಸ್ತ್ರೀಯಕ್ಕೆ ಇಷ್ಟು, ಸಮಕಾಲೀನಕ್ಕೆ ಇಷ್ಟು ಎಂದು ಸಮಪಾಲು ಹಂಚಿದರೆ ನ್ಯಾಯವಾಗುವುದಿಲ್ಲ. ಒಂದು ಉತ್ಸವಕ್ಕೆ ಇಪ್ಪತ್ತು ತಂಡಗಳನ್ನು ಕರೆದು ಇಪ್ಪತ್ತು ತುಣುಕು ತೋರಿಸುವ ಬದಲು ಒಂದು ದೊಡ್ಡಾಟಕ್ಕೆ ಇಡೀ ರಾತ್ರಿ ಕೊಡಲಿ. ಭರತನಾಟ್ಯದವರಿಗೆ ಎಷ್ಟೋ ಹಲಗಿಯವರಿಗೂ ಅಷ್ಟೇ ಸಂಭಾವನೆ ಇರಲಿ, ಮೆರವಣಿಗೆಯಲ್ಲಿ ನಡೆಸುವುದೇ ಗೌರವ ಎಂಬ ಮಾತು ನಿಲ್ಲಲಿ. ಬೆಂಗಳೂರಿನ ಹೊಸ ನೃತ್ಯದ ತಂಡಗಳು ವರ್ಷಕ್ಕೊಮ್ಮೆಯಾದರೂ ಶಹಾಪುರಕ್ಕೋ ಸುರಪುರಕ್ಕೋ ಬಂದು ಒಂದು ವಾರ ಇರಲಿ, ಕಲಿಸಲಿ, ಕಲಿಯಲಿ. ಅವರ ಪ್ರಯೋಗ ನಮ್ಮ ಮುಂದೆ ಸೋತರೂ ಚಿಂತೆಯಿಲ್ಲ, ಮರುವರ್ಷ ಮತ್ತೆ ಬರಲಿ. ಮೊಹರಮನ್ನು ಮಾತ್ರ ಉತ್ಸವದ ವೇದಿಕೆಗೆ ಎಳೆಯುವುದು ಬೇಡ. ಅದು ಚಂದ್ರನ ಲೆಕ್ಕದಲ್ಲಿ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಯಾವ ಸರ್ಕಾರಿ ಪಂಚಾಂಗಕ್ಕೂ ಹೊಂದುವುದಿಲ್ಲ. ನೋಡಬೇಕೆನ್ನುವವರು, ನೃತ್ಯ ಸಂಯೋಜಕರಿರಲಿ ವಿಮರ್ಶಕರಿರಲಿ, ಕತ್ತಲ ರಾತ್ರಿಗೆ ಊರಿಗೇ ಬರಲಿ. ಅಲ್ಲಿ ಮುಂದಿನ ಸಾಲಿನ ಕುರ್ಚಿ ಇರುವುದಿಲ್ಲ, ಎಲ್ಲರ ಜೊತೆ ನಿಂತೇ ನೋಡಬೇಕು.