ಶಾಸ್ತ್ರಗದ್ಯದಲ್ಲಿ ಸ್ತ್ರೀವಾಣಿ

ಕನ್ನಡದಲ್ಲಿ ಲೋಕೋಪಯೋಗಿಯಾದ ಶಾಸ್ತ್ರಗ್ರಂಥಗಳ ಪರಂಪರೆ ಕಾವ್ಯಪರಂಪರೆಯ ಜೊತೆಜೊತೆಗೇ ನಡೆದುಬಂದಿದೆ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ನೆಲದಡಿಯ ನೀರನ್ನು ಗುರುತಿಸುವ ಬಗೆ, ಮರಗಿಡಗಳ ಆರೈಕೆ, ಸುಗಂಧದ್ರವ್ಯಗಳ ಸಿದ್ಧತೆ, ಅಡುಗೆಯ ಪಾಕ ಮುಂತಾಗಿ ಗೃಹಸ್ಥನಿಗೆ ಬೇಕಾದುದನ್ನು ಒಂದೆಡೆ ಕೂಡಿಸಿಕೊಡುತ್ತದೆ; ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ಗೆ ಶಿಶುಗಳ ಬಾಧೆಯೂ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ಕ್ಕೆ ಪಾಕವಿದ್ಯೆಯೂ ವಿಷಯ. ಅಡುಗೆಯನ್ನು ಕುರಿತು ಬರೆದವನು ಅರಸುಕುಲದವನು, ಎಳೆಗೂಸನ್ನು ಕುರಿತು ಬರೆದವನು ಸಂಸಾರವನ್ನೇ ತೊರೆದ ಮುನಿ ಎಂಬುದನ್ನು ನೆನೆದರೆ ಮುಗುಳ್ನಗೆ ಮೂಡೀತು. ಅವರ ಪಾಂಡಿತ್ಯ ಅಲ್ಪವೆಂದು ಇದರ ಅರ್ಥವಲ್ಲ. ಆದರೆ ಷಟ್ಪದಿಯ ಪ್ರಾಸಕ್ಕೆ ಮಣಿದ ಪಾಕವಿಧಿ ಕೇಳುವ ಕಿವಿಗೆ ಎಷ್ಟು ಇಂಪೋ, ಉಕ್ಕುತ್ತಿರುವ ಎಸರಿನ ಮುಂದೆ ನಿಂತವಳಿಗೆ ಅಷ್ಟೇ ನಿರುಪಯುಕ್ತವಾಗಬಹುದು.

ಹೆಣ್ಣೊಬ್ಬಳು ಉಪದೇಶಕಿಯ ಪೀಠದಲ್ಲಿ ಕುಳಿತ ಮೊದಲ ಗಣ್ಯ ನಿದರ್ಶನವಾಗಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನ ‘ಹದಿಬದೆಯ ಧರ್ಮ’ ಕಾಣುತ್ತದೆ. ಸಾಂಗತ್ಯದಲ್ಲಿರುವ ಈ ಕೃತಿಯ ಬಹುಭಾಗ ಸ್ಮೃತಿಪುರಾಣಗಳಿಂದ ಇಳಿದುಬಂದ ಪತಿವ್ರತಾಧರ್ಮದ ನಿರೂಪಣೆಯೇ ಆಗಿದ್ದು, ಅದನ್ನು ಇಂದು ಓದುವವರಿಗೆ ಬೇಸರವಾಗುವುದು ಸಹಜ. ಆದರೂ ಹೆಣ್ಣುಕೂಸನ್ನು ಹಳಿಯುವವರಿಗೆ, ಅವರನ್ನು ಹೆತ್ತವಳೂ ಪೊರೆದವಳೂ ಹೆಣ್ಣೇ ಅಲ್ಲವೆ ಎಂದು ಕೇಳುವಲ್ಲಿ ಆಕೆಯ ದನಿ ಥಟ್ಟನೆ ಬೇರೆಯಾಗುತ್ತದೆ. ಅಲ್ಲಿಯವರೆಗೆ ಗ್ರಂಥಗಳು ಮಾತನಾಡುತ್ತಿದ್ದುವು, ಅಲ್ಲಿ ಆಕೆ ಮಾತನಾಡುತ್ತಾಳೆ.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದ ನಂಜನಗೂಡು ತಿರುಮಲಾಂಬಾ, ‘ಸರಸ್ವತಿ’ ಪತ್ರಿಕೆಯನ್ನು ದೀರ್ಘಕಾಲ ಸಲಹಿದ ಆರ್. ಕಲ್ಯಾಣಮ್ಮ ಇವರ ಉಪಕಾರವು ತಾವು ಬರೆದುದಕ್ಕಷ್ಟೇ ಸೀಮಿತವಲ್ಲ. ಹೆಣ್ಣು ಹೆಣ್ಣಿಗಾಗಿ ಬರೆದುದು ಅಚ್ಚಾಗಿ ಮನೆಬಾಗಿಲಿಗೆ ಬರಬಹುದೆಂಬ ವಾಡಿಕೆಯನ್ನು ಅವರು ನೆಲೆಗೊಳಿಸಿದರು.

ಆ ವಾಡಿಕೆ ಪರಿಪಕ್ವ ಗದ್ಯವಾಗಿ ಫಲಿಸಿದುದು ವೈದ್ಯೆ ಅನುಪಮಾ ನಿರಂಜನರಲ್ಲಿ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿ, ವೈದ್ಯವೃತ್ತಿಯನ್ನು ಕೈಗೊಂಡು, ಕಾದಂಬರಿಗಳಿಂದ ಪ್ರಖ್ಯಾತರಾದ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಮೊದಲಾದ ಪುಸ್ತಕಗಳಲ್ಲಿ, ವೈದ್ಯನ ಎದುರಿಗಿರಲಿ, ಹೆತ್ತ ತಾಯಿಯ ಎದುರಿನಲ್ಲಿಯೂ ಬಾಯಿಬಿಡಲು ನಾಚುವ ಓದುಗಾರ್ತಿಯ ಮುಂದೆ ಕುಳಿತು, ದೇಹದ ವಿಷಯವನ್ನು ದೇಹದ ವಿಷಯವಾಗಿಯೇ ಹೇಳುವ ಧೈರ್ಯವನ್ನು ತೋರಿದರು. ಇಂತಹ ಬರಹದ ಗುಣವನ್ನು ಅಳೆಯಬೇಕಾದುದು ಹೇಗೆ? ಓದುಗಾರ್ತಿಯ ಸಂಶಯ ಎಲ್ಲಿ ಏಳುತ್ತದೆ, ಕೈ ಎಲ್ಲಿ ತಡವರಿಸುತ್ತದೆ, ಯಾವ ಭಯವನ್ನು ಆಕೆ ಕೇಳದೆಯೇ ಉಳಿಸಿಕೊಂಡಾಳು ಎಂಬುದನ್ನು ಮುನ್ನವೇ ಅರಿತು ವಾಕ್ಯವನ್ನು ಕಟ್ಟುವ ವಿವೇಕವೇ ಅದರ ಕಲೆ. ತಮಿಳಿನಲ್ಲಿ 1951ರಲ್ಲಿ ಮೀನಾಕ್ಷಿ ಅಮ್ಮಾಳ್ ಪ್ರಕಟಿಸಿದ ‘ಸಮೈತ್ತುಪ್ಪಾರ್’ ಎಂಬ ಪಾಕಗ್ರಂಥ ಮನೆಮನೆಯ ಪುಸ್ತಕವಾದುದಕ್ಕೂ ಕಾರಣ ಇದೇ: ಅದು ಏನೂ ಅರಿಯದ ಹೊಸಬಳನ್ನು ಮನಸ್ಸಿನಲ್ಲಿಟ್ಟು ಬರೆದುದು. ನಮ್ಮ ವಿಮರ್ಶೆಯಾದರೋ ಅನುಪಮಾ ಅವರ ‘ಮಾಧವಿ’ ಕಾದಂಬರಿಯನ್ನು ಚರ್ಚೆಗೆ ಎತ್ತಿಕೊಂಡಷ್ಟು ಆಸ್ಥೆಯಿಂದ ‘ತಾಯಿ-ಮಗು’ವಿನ ಗದ್ಯವನ್ನು ಪರಿಶೀಲಿಸಲಿಲ್ಲ, ಉಪಯೋಗಕ್ಕೆ ಬಂದ ಮಾತು ಸಾಹಿತ್ಯವಾಗಲಾರದೆಂಬ ಒಣಹೆಮ್ಮೆಯೊಂದು ವಿಮರ್ಶಕರಿಗೆ ಅಂಟಿಕೊಂಡಂತಿದೆ.

ಹಾಗೆಂದು ಈ ಪರಂಪರೆಯನ್ನು ಬರಿದೆ ಹೊಗಳಲೂ ಮನಸ್ಸೊಪ್ಪದು. ‘ವಧು’, ‘ದಾಂಪತ್ಯ’, ‘ತಾಯಿ’ ಎಂಬ ಶೀರ್ಷಿಕೆಯ ಪದಗಳೇ ಅದರ ಎಲ್ಲೆಯನ್ನು ಸಾರುತ್ತವೆ: ಹೊನ್ನಮ್ಮನ ಕಾಲದಿಂದ ಇತ್ತೀಚಿನವರೆಗೆ ಉಪದೇಶಕ್ಕೆ ಪಾತ್ರಳಾದವಳು ಮುಖ್ಯವಾಗಿ ಒಬ್ಬನ ಹೆಂಡತಿಯೇ. ಬೀಜವನ್ನು ಆಯ್ದು ಬೂದಿ ಬೆರೆಸಿ ಕಾಪಿಡುವವಳು, ಕರು ಹಾಕಿದ ಹಸುವಿನ ಆರೈಕೆ ಮಾಡುವವಳು, ಸಂತೆಯಲ್ಲಿ ಕಾಯಿಪಲ್ಯ ಮಾರಿ ಲೆಕ್ಕ ಹಿಡಿಯುವವಳು ಹೆಣ್ಣಾಗಿದ್ದರೂ, ಚಾವುಂಡರಾಯನು ಹೊಲ, ಬಾವಿಗಳನ್ನು ಕುರಿತು ಬರೆದ ಬಗೆಯ ಗ್ರಂಥವನ್ನು ಆಕೆಯಿಂದ ಯಾವ ಪ್ರಕಾಶಕನೂ ಬಯಸಿದಂತೆ ತೋರುವುದಿಲ್ಲ. ಅಡುಗೆಯನ್ನೂ ಬಾಣಂತನವನ್ನೂ ಕುರಿತಾದರೆ ಮಾತ್ರ ಆಕೆಯ ಹಸ್ತಪ್ರತಿಗೆ ಅಚ್ಚಿನಮನೆಯ ಬಾಗಿಲು ತೆರೆದಿತ್ತು.