ಉಪ್ಪಿನ ಹಳದಿ
ಸಾರು ಉಕ್ಕಿ ಬರ್ನರ್ ಮೇಲೆ ಚೆಲ್ಲಿದರೆ ಗ್ಯಾಸಿನ ನೀಲಿ ಉರಿ ಥಟ್ಟನೆ ಹಳದಿಗೆ ತಿರುಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಅದರ ಹಿಂದಿನ ಅಚ್ಚುಕಟ್ಟುತನ ಎಂಥದ್ದು! ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳು. ಒಳಗಿನ ಕವಚದಲ್ಲಿ 2, ಮುಂದಿನದರಲ್ಲಿ 8. ಅಲ್ಲಿಗೆ ಎರಡೂ ಭರ್ತಿ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರುವಂತಿಲ್ಲ ಎಂಬ ನಿಯಮವನ್ನು 1925ರಲ್ಲಿ ಹೇಳಿದವರು ಭೌತವಿಜ್ಞಾನಿ ಪೌಲಿ. ಹಾಗಾಗಿ ಹನ್ನೊಂದನೆಯದು ಹೊರಗೆ, 3ಎಸ್ ಮಟ್ಟದಲ್ಲಿ ಒಂಟಿ. ಕಾವು ತಾಗಿದರೆ ಅದು ಮೇಲಿನ 3ಪಿ ಮಟ್ಟಕ್ಕೆ ಜಿಗಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದು ಹಳದಿ ಬೆಳಕು ಚೆಲ್ಲುತ್ತದೆ. ರೋಹಿತದರ್ಶಕದಲ್ಲಿ ನೋಡಿದರೆ ಆ ಹಳದಿ ಒಂದಲ್ಲ, ಒತ್ತಿಕೊಂಡು ನಿಂತ ಎರಡು ಗೆರೆ: 589.0 ಮತ್ತು 589.6 ನ್ಯಾನೋಮೀಟರ್. ಸೂರ್ಯನ ರೋಹಿತದಲ್ಲೂ ಅದೇ ಜಾಗದಲ್ಲಿ ಕಪ್ಪು ಗೆರೆಗಳು. ಇಷ್ಟು ಕರಾರುವಾಕ್ಕಾದ ಕೆಲಸಕ್ಕೆ ಭೇಷ್ ಎನ್ನದೆ ಇರಲಾದೀತೆ?